ಎರಡನೇ ಕಂಪ್ಯೂಟರ್‌ಗೆ ಇನ್ನೊಂದು ವೈಫೈ ಕನೆಕ್ಷನ್ ತಗೋಬೇಕಾ?

ಪ್ರಶ್ನೆ: ಹಾಲ್‌ನಲ್ಲಿ ಫೈಬರ್ ಕನೆಕ್ಷನ್‌ನ ರೂಟರ್ ಇದೆ, ಲ್ಯಾಪ್‌ಟಾಪ್‌ಗೆ ವೈಫೈ ಚೆನ್ನಾಗಿ ಬರುತ್ತಿದೆ. ಮಗಳ ಓದಿಗೆ ಅಂತ ಹಳೇ ಡೆಸ್ಕ್‌ಟಾಪನ್ನು ಮಹಡಿ ರೂಮಿನಲ್ಲಿ ಇಟ್ಟಿದ್ದೇವೆ. ಅದರಲ್ಲಿ ವೈಫೈ ಗುರುತೇ ಕಾಣಿಸುತ್ತಿಲ್ಲ. ಇನ್ನೊಂದು ಕನೆಕ್ಷನ್ ಬೇಕಾ?

ಉತ್ತರ: ಖಂಡಿತ ಬೇಡ. ರೂಟರ್ ಇರುವುದೇ ಒಂದು ಕನೆಕ್ಷನ್ನನ್ನು ಹಲವರಿಗೆ ಹಂಚುವುದಕ್ಕೆ. ನಿಮ್ಮ ಫೋನು, ಟಿವಿ ಆಗಲೇ ಹಾಗೆ ಸೇರಿಕೊಂಡಿವೆ ಅಲ್ವಾ? ಡೆಸ್ಕ್‌ಟಾಪ್ ಸೇರಿದ ಕೂಡಲೇ ಅದಕ್ಕೂ ಒಂದು ಐಪಿ ವಿಳಾಸವನ್ನು (ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ನಂಬರ್) ರೂಟರ್ ತಾನೇ ಕೊಡುತ್ತದೆ. ಇಬ್ಬರೂ ಒಟ್ಟಿಗೆ ದೊಡ್ಡ ಫೈಲ್ ಡೌನ್‌ಲೋಡ್ ಮಾಡಿದರೆ ಸ್ಪೀಡ್ ಹಂಚಿಹೋಗುತ್ತದೆ, ಅಷ್ಟೇ.

ಕೊರತೆ ಇರುವುದು ಡೆಸ್ಕ್‌ಟಾಪ್‌ನಲ್ಲಿ. ಹಳೇ ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಲ್ಯಾನ್ ಪೋರ್ಟ್ (ನೆಟ್ ಕೇಬಲ್ ಸಿಕ್ಕಿಸುವ ಕಿಂಡಿ) ಮಾತ್ರ ಇರುತ್ತದೆ, ವೈಫೈ ಇರುವುದಿಲ್ಲ. ಅಂಗಡಿಯಲ್ಲಿ ಯುಎಸ್‌ಬಿ ವೈಫೈ ಡಾಂಗಲ್ ಕೇಳಿ, ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸಿದರೆ ವೈಫೈ ಹಿಡಿಯುವ ಪುಟ್ಟ ಸಾಧನ ಅದು. ಡ್ಯುಯಲ್ ಬ್ಯಾಂಡ್, ಅಂದರೆ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡೂ ಬ್ಯಾಂಡ್ ಹಿಡಿಯುವುದನ್ನೇ ತೆಗೆದುಕೊಳ್ಳಿ. ತೀರಾ ಅಗ್ಗದ ಡಾಂಗಲ್‌ಗಳು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ. ರೂಟರ್‌ನ 5 ಗಿಗಾಹರ್ಟ್ಸ್ ಹೆಸರು ಅವುಗಳ ಕಣ್ಣಿಗೇ ಬೀಳುವುದಿಲ್ಲ. 5ರಲ್ಲಿ ಸ್ಪೀಡ್ ಜಾಸ್ತಿ, ಆದರೆ ಕಾಂಕ್ರೀಟ್ ಸ್ಲ್ಯಾಬ್ ದಾಟುವಾಗ ಸಿಗ್ನಲ್ ಬೇಗ ಸೊರಗುತ್ತದೆ. ಮಹಡಿ ಮೇಲೆ ಎರಡೂ ಬ್ಯಾಂಡ್‌ಗೆ ಕನೆಕ್ಟ್ ಮಾಡಿ ನೋಡಿ, ಯಾವುದು ನಿಲ್ಲುತ್ತದೋ ಅದನ್ನೇ ಇಟ್ಟುಕೊಳ್ಳಿ.

ಡಾಂಗಲ್ ಹಾಕಿದ ಮೇಲೂ ವೈಫೈ ಗುರುತು ಬರಲಿಲ್ಲವೇ? ಡ್ರೈವರ್ (ಡಾಂಗಲನ್ನು ನಡೆಸಲು ಕಂಪ್ಯೂಟರ್‌ಗೆ ಬೇಕಾದ ಸಾಫ್ಟ್‌ವೇರ್) ಬೇಕು ಅಂತ ಅರ್ಥ. ಡ್ರೈವರ್ ಇಳಿಸಲು ನೆಟ್ ಬೇಕು, ನೆಟ್ ಬರಲು ಡ್ರೈವರ್ ಬೇಕು! ಇಲ್ಲಿ ಫೋನ್ ನೆರವಿಗೆ ಬರುತ್ತದೆ. ಆಂಡ್ರಾಯ್ಡ್ ಫೋನನ್ನು ಚಾರ್ಜರ್ ಕೇಬಲ್‌ನಿಂದ ಡೆಸ್ಕ್‌ಟಾಪ್‌ಗೆ ಸಿಕ್ಕಿಸಿ, ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿ, ಫೋನಿನ ನೆಟ್ ಕೇಬಲ್ ಮೂಲಕ ಡೆಸ್ಕ್‌ಟಾಪ್‌ಗೆ ಸಿಗುತ್ತದೆ. ಡ್ರೈವರನ್ನು ಡಾಂಗಲ್ ಕಂಪನಿಯ ಸೈಟಿನಿಂದಲೇ ಇಳಿಸಿ. ಬೇರೆ ಸೈಟುಗಳಲ್ಲಿ ವೈರಸ್ ಕಾಟ ಇರುತ್ತದೆ.

ವೈಫೈ ಹೆಸರು ಕಾಣಿಸುತ್ತದೆ, ಪಾಸ್‌ವರ್ಡ್ ಸರಿ ಇದೆ, ಆದರೂ ಕನೆಕ್ಟ್ ಆಗುತ್ತಿಲ್ಲ ಎಂದಾದರೆ ರೂಟರ್‌ನ ಸೆಕ್ಯುರಿಟಿ ಸೆಟ್ಟಿಂಗ್ ನೋಡಿ. ಅದು ಡಬ್ಲ್ಯುಪಿಎ3 ಎಂಬ ಹೊಸ ವೈಫೈ ಭದ್ರತಾ ವಿಧಾನಕ್ಕೆ ಮಾತ್ರ ಇದ್ದರೆ ವಿಂಡೋಸ್ 7ನಂಥ ಹಳೇ ಸಿಸ್ಟಮ್ ಒಳಗೆ ಬರಲಾಗದು. ಡಬ್ಲ್ಯುಪಿಎ2 ಮತ್ತು 3 ಎರಡೂ ನಡೆಯುವ ಮಿಕ್ಸೆಡ್ ಆಯ್ಕೆಗೆ ಬದಲಿಸಿ. ಕನೆಕ್ಟ್ ಆಗಲಿ ಅಂತ ಪಾಸ್‌ವರ್ಡ್ ತೆಗೆದು ಓಪನ್ ಮಾತ್ರ ಮಾಡಬೇಡಿ. ಪಾಸ್‌ವರ್ಡೇ ಮರೆತಿದ್ದರೆ, ಅದನ್ನು ಯಾರೂ ಬದಲಿಸದೆ ಇದ್ದಲ್ಲಿ ರೂಟರ್‌ಗೆ ಅಂಟಿಸಿದ ಸ್ಟಿಕರ್ ಮೇಲೆ ಸಿಗುತ್ತದೆ.

ಇನ್ನೊಂದು ಮಾತು, ಬಹಳ ಜನ ಗಮನಿಸುವುದೇ ಇಲ್ಲ. ಡಾಂಗಲನ್ನು ಸಿಪಿಯು ಹಿಂಬದಿಗೆ ಸಿಕ್ಕಿಸುತ್ತಾರೆ. ಒಂದು ಕಡೆ ತಗಡಿನ ಡಬ್ಬ, ಇನ್ನೊಂದು ಕಡೆ ಗೋಡೆ, ಮಧ್ಯೆ ಅಷ್ಟು ಪುಟ್ಟ ಡಾಂಗಲ್. ಸಿಗ್ನಲ್ ಎಲ್ಲಿಂದ ಬರಬೇಕು? ಪಕ್ಕದ ಯುಎಸ್‌ಬಿ 3.0 ಪೋರ್ಟಿನಲ್ಲಿ ಹಾರ್ಡ್ ಡಿಸ್ಕ್ ಇದ್ದರಂತೂ ಅದರ ಗದ್ದಲವೂ 2.4 ಗಿಗಾಹರ್ಟ್ಸ್‌ಗೆ ಅಡ್ಡ ಬರುತ್ತದೆ. ಒಂದು ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ ತಂದು ಡಾಂಗಲನ್ನು ಮೇಜಿನ ಮೇಲೆ, ಮಾನಿಟರ್ ಪಕ್ಕಕ್ಕೆ ತನ್ನಿ. ರೂಟರ್ ಟಿವಿ ಹಿಂದೆ ಅಡಗಿದ್ದರೆ ಅದನ್ನೂ ಎತ್ತರಕ್ಕೆ, ಬಯಲಿಗೆ ತನ್ನಿ.

ಇಷ್ಟಾದರೂ ಮಗಳ ವಿಡಿಯೋ ಕ್ಲಾಸ್ ಮಧ್ಯೆ ನಿಂತು ನಿಂತು ಬಂದರೆ ವೈಫೈ ಹಿಂದೆ ಬೀಳಬೇಡಿ. ರೂಟರ್‌ನಿಂದ ಮೆಟ್ಟಿಲ ಅಂಚಿನಲ್ಲೇ ಒಂದು ಲ್ಯಾನ್ ಕೇಬಲ್ ಎಳೆಸಿ. 100 ಮೀಟರ್‌ವರೆಗೆ ಅದು ಸಲೀಸಾಗಿ ನಡೆಯುತ್ತದೆ, ಡಾಂಗಲ್ಲೂ ಬೇಡ, ಪಾಸ್‌ವರ್ಡೂ ಬೇಡ.