ಟಿವಿಯ ಬಯೋನಿಕ್ ಮನುಷ್ಯನ ಮುಂದಿನ ಕಥೆ: ಯಾವ ಕಾಮಿಕ್ಸ್ ಓದಬೇಕು?

ಪ್ರಶ್ನೆ: ‘ದಿ ಸಿಕ್ಸ್ ಮಿಲಿಯನ್ ಡಾಲರ್ ಮ್ಯಾನ್’ ಸರಣಿಯನ್ನು ನಾನೂ ನನ್ನ ಮಗಳೂ ಕೂತು ಪೂರ್ತಿ ನೋಡಿದೆವು. ಕೊನೆಯ ಕಂತು ಮುಗಿದರೂ ಕಥೆ ಮುಗಿದ ಹಾಗೆ ಅನ್ನಿಸಲಿಲ್ಲ. ಮುಂದಿನದು ಕಾಮಿಕ್ಸ್‌ನಲ್ಲಿದೆ ಅಂತ ಯಾರೋ ಹೇಳಿದರು. ಹುಡುಕಿದರೆ ಒಂದಲ್ಲ, ನಾಲ್ಕೈದು ಸಿಗುತ್ತಿವೆ. ಯಾವುದು ಅಸಲಿ? ಟಿವಿಯಲ್ಲಿದ್ದ ಆ ಮಜಾ ಪುಸ್ತಕದಲ್ಲೂ ಬರುತ್ತಾ? ಮಗಳು ಏಳನೇ ಕ್ಲಾಸು, ಅವಳಿಗೂ ಕೊಡಬಹುದಾ? ಅವಳಿಗೆ ಅದರಲ್ಲಿ ಬರುವ ಬಯೋನಿಕ್ ಹೆಣ್ಣು ಜೇಮಿ ಅಂದ್ರೆ ಪ್ರಾಣ.
(ಕ್ಯಾತ್ಸಂದ್ರ, ತುಮಕೂರಿನಿಂದ ಓದುಗರೊಬ್ಬರು)

ಉತ್ತರ: ನಿಮಗೆ ಬೇಕಾಗಿರುವುದು ‘ದಿ ಸಿಕ್ಸ್ ಮಿಲಿಯನ್ ಡಾಲರ್ ಮ್ಯಾನ್: ಸೀಸನ್ ಸಿಕ್ಸ್’. ಡೈನಮೈಟ್ ಅನ್ನೋ ಅಮೆರಿಕನ್ ಪ್ರಕಾಶನ 2014ರಲ್ಲಿ ಇದನ್ನು ಶುರು ಮಾಡಿತು. ಬರೆದವರು ಜೇಮ್ಸ್ ಕುಹೋರಿಕ್, ಒಟ್ಟು 6 ಸಂಚಿಕೆ. ಟಿವಿಯಲ್ಲಿ ಐದು ಸೀಸನ್ ಬಂದು 1978ರ ಮಾರ್ಚ್‌ನಲ್ಲಿ ಸರಣಿ ನಿಂತುಹೋಯಿತು. ನಿಮಗೆ ಅನ್ನಿಸಿದ್ದು ಸರಿ, ಅದಕ್ಕೊಂದು ಮುಕ್ತಾಯ ಅಂತ ಇರಲಿಲ್ಲ. ಆ ಜಾಗದಿಂದಲೇ ಈ ಕಾಮಿಕ್ಸ್ ಕಥೆಯನ್ನು ಎತ್ತಿಕೊಳ್ಳುತ್ತದೆ. ಅಪಘಾತದಲ್ಲಿ ಎರಡೂ ಕಾಲು, ಒಂದು ಕೈ, ಒಂದು ಕಣ್ಣು ಕಳೆದುಕೊಂಡು ಬಯೋನಿಕ್, ಅಂದರೆ ಯಂತ್ರದ ಅಂಗಗಳನ್ನು ಪಡೆದ ಅದೇ ಸ್ಟೀವ್ ಆಸ್ಟಿನ್, ಅವನ ಮೇಲಧಿಕಾರಿ ಅದೇ ಆಸ್ಕರ್ ಗೋಲ್ಡ್‌ಮನ್, ಅದೇ ಎಪ್ಪತ್ತರ ದಶಕ.

ಅಸಲಿ ಯಾವುದು ಅಂತ ಕೇಳಿದ್ದೀರಲ್ಲ, ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಟಿವಿ ಸರಣಿಯೇ ಮೂಲವಲ್ಲ. 1972ರಲ್ಲಿ ಮಾರ್ಟಿನ್ ಕೇಡಿನ್ ಬರೆದ ‘ಸೈಬೋರ್ಗ್’ ಕಾದಂಬರಿಯಿಂದ ಇದು ಹುಟ್ಟಿದ್ದು. ಅದರಲ್ಲಿ ಆಸ್ಟಿನ್ ಕಳೆದುಕೊಳ್ಳುವುದು ಎಡಗೈ. ಟಿವಿಗೆ ಬಂದಾಗ ಅದು ಬಲಗೈ ಆಯಿತು. ಕಾದಂಬರಿಯಲ್ಲಿ ಹೊಸ ಕಣ್ಣು ಬರೀ ಒಂದು ಕ್ಯಾಮೆರಾ, ಅದರಿಂದ ಅವನಿಗೆ ಏನೂ ಕಾಣುವುದಿಲ್ಲ. ಟಿವಿಯಲ್ಲಿ ಅದೇ ಕಣ್ಣು ದೂರದ್ದನ್ನು 20 ಪಟ್ಟು ಹತ್ತಿರ ತಂದು ತೋರಿಸುತ್ತದೆ. 1973ರಲ್ಲಿ ಟೆಲಿಫಿಲಂ ಬಂತು, 1974ರ ಜನವರಿಯಿಂದ ವಾರ ವಾರ ಸರಣಿ. ಅಷ್ಟರಲ್ಲಿ ಆಸ್ಟಿನ್ ಎಷ್ಟೋ ಬದಲಾಗಿದ್ದ. ಹಾಗಾಗಿ ಕಾಮಿಕ್ಸ್‌ನವರು ಬದಲಾಯಿಸಿದರು ಅಂತ ಬೇಜಾರು ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ. ಬದಲಾಯಿಸಿದ್ದರಿಂದ ಕಥೆಗೆ ಏನು ಸಿಕ್ಕಿತು ಅಂತ ನೋಡಬೇಕು.

ನಿಮಗೆ ಗೊಂದಲ ಆಗಿರುವುದು ಬಹುಶಃ ‘ದಿ ಬಯೋನಿಕ್ ಮ್ಯಾನ್’ ನೋಡಿ. ಪ್ರಕಾಶಕರು ಅವರೇ, 2011ರಲ್ಲಿ ಶುರುವಾದದ್ದು. ಇದು ಮುಂದುವರಿಕೆ ಅಲ್ಲವೇ ಅಲ್ಲ. ಸಿನಿಮಾ ನಿರ್ದೇಶಕ ಕೆವಿನ್ ಸ್ಮಿತ್ ಹಿಂದೆ ಇದೇ ಕಥೆಗೆ ಒಂದು ಚಿತ್ರಕಥೆ ಬರೆದಿದ್ದರು, ಆ ಸಿನಿಮಾ ಆಗಲೇ ಇಲ್ಲ. ಅದನ್ನೇ ಫಿಲ್ ಹೆಸ್ಟರ್ ಜೊತೆ ಸೇರಿ ಕಾಮಿಕ್ಸ್ ಮಾಡಿದರು, ಚಿತ್ರ ಬರೆದವರು ಜೊನಾಥನ್ ಲಾವ್. ಕಥೆ ನಮ್ಮ ಕಾಲಕ್ಕೆ ಬಂದಿದೆ. ಅಪಘಾತ, ಆಪರೇಷನ್, ಎಲ್ಲಾ ಮತ್ತೆ ಮೊದಲಿಂದ. ಎರಡನೇ ಸಂಪುಟದ ಹೆಸರು ‘ಬಿಗ್‌ಫೂಟ್’. ಟಿವಿಯಲ್ಲಿ 1976ರಲ್ಲಿ ಕುಸ್ತಿಪಟು ಆಂದ್ರೆ ದಿ ಜೈಂಟ್ ಮೈತುಂಬ ಕೂದಲು ಅಂಟಿಸಿಕೊಂಡು ಬಂದಿದ್ದ ಆ ಕಂತುಗಳು ನಿಮಗೆ ನೆನಪಿರಬೇಕು. ಆ ದೈತ್ಯನನ್ನು ಇಲ್ಲಿ ಹೊಸದಾಗಿ ಕಟ್ಟಿದ್ದಾರೆ.

2019ರಲ್ಲಿ ಕ್ರಿಸ್ಟೋಫರ್ ಹೇಸ್ಟಿಂಗ್ಸ್ ಬರೆದದ್ದು ಇನ್ನೊಂದಿದೆ. ಜಪಾನಿನಲ್ಲಿ ನಡೆಯುವ ಕಥೆ, ತಮಾಷೆ ಜಾಸ್ತಿ. ಅದನ್ನು ಆಮೇಲೆ ಓದಿದರಾಯಿತು.

ಈಗ ಮಜಾ ಬರುತ್ತಾ ಅನ್ನೋ ಪ್ರಶ್ನೆ. ನನಗೆ ತುಂಬ ಮುಖ್ಯ ಅನ್ನಿಸಿದ್ದು ಇದೇ.

ಆಸ್ಟಿನ್ ಓಟದ ವೇಗ ಗಂಟೆಗೆ 60 ಮೈಲಿ, ಅಂದರೆ ಸುಮಾರು 97 ಕಿಲೋಮೀಟರ್. ತುಮಕೂರಿನ ಟೌನ್‌ಹಾಲ್ ಹತ್ತಿರ ಹೊರಟರೆ ಮುಕ್ಕಾಲು ಗಂಟೆಯೊಳಗೆ ಬೆಂಗಳೂರು. ಇಷ್ಟು ಜೋರಾಗಿ ಓಡುವವನನ್ನು ಟಿವಿಯವರು ತೋರಿಸಿದ್ದು ನಿಧಾನವಾಗಿ, ಸ್ಲೋ ಮೋಷನ್‌ನಲ್ಲಿ. ಫಿಲ್ಮನ್ನು ಜೋರಾಗಿ ಓಡಿಸಿದರೆ ಹಳೇ ಮೂಕಿ ಚಿತ್ರದ ಹಾಸ್ಯದ ತರ ಕಾಣುತ್ತಿತ್ತು. ನಿಧಾನ ಮಾಡಿದಾಗ ಆ ಕಾಲಿನ ಭಾರ, ಅದರ ಬಲ ಕಣ್ಣಿಗೆ ಕಂಡಿತು. ಜೊತೆಗೆ ಆ ಟಿಟಿಟಿಟಿ ಅನ್ನೋ ಲೋಹದ ಸದ್ದು. ಎತ್ತರಕ್ಕೆ ಹಾರುವ ದೃಶ್ಯಕ್ಕೆ ಸಾಹಸ ಕಲಾವಿದರು ಮೇಲಿನಿಂದ ಹಿಮ್ಮುಖವಾಗಿ ಕೆಳಕ್ಕೆ ಹಾರುತ್ತಿದ್ದರು. ಆ ಫಿಲ್ಮನ್ನು ತಿರುಗಾಮುರುಗಾ ಓಡಿಸಿದರೆ ಮೇಲಕ್ಕೆ ಚಿಮ್ಮಿದ ಹಾಗೆ ಕಾಣುತ್ತಿತ್ತು. ಕೈಯಲ್ಲಿದ್ದ ಅಷ್ಟೇ ದುಡ್ಡಿನಲ್ಲಿ ಎಂಥ ಕೆಲಸ ಮಾಡಿದ್ದಾರೆ ನೋಡಿ.

ಹಾಳೆಯ ಮೇಲೆ ಇದ್ಯಾವುದೂ ನಡೆಯುವುದಿಲ್ಲ. ಸದ್ದಿಲ್ಲ, ಚಲನೆಯಿಲ್ಲ. ಸದ್ದನ್ನು ಅಕ್ಷರದಲ್ಲಿ ಬರೆಯಬಹುದು, ಆದರೆ ಕಿವಿಗೆ ಕೇಳಿದ ಹಾಗಾಗುವುದಿಲ್ಲ. ಕಾಮಿಕ್ಸ್‌ಗೆ ಇರುವ ಶಕ್ತಿಯೇ ಬೇರೆ. ಚೌಕಗಳ ನಡುವಿನ ಖಾಲಿ ಜಾಗದಲ್ಲಿ ಅದು ಕಾಲವನ್ನು ಎಳೆಯಬಹುದು, ಕುಗ್ಗಿಸಬಹುದು.

ಒಂದು ಪುಟ ಕಲ್ಪಿಸಿಕೊಳ್ಳೋಣ. ನಮ್ಮ ದೇವರಾಯನದುರ್ಗದಲ್ಲಿ ಯೋಗ ನರಸಿಂಹನ ಗುಡಿಗೆ ಹೋಗುವ ಮೆಟ್ಟಿಲು. ಮೊದಲ ಚೌಕದಲ್ಲಿ ಬರೀ ಒಂದು ಶೂ, ಕೆಳಗಿನ ಮೆಟ್ಟಿಲ ಮೇಲೆ, ಅದರಡಿಯ ಕಲ್ಲಿನಲ್ಲಿ ಕೂದಲೆಳೆಯಷ್ಟು ಬಿರುಕು. ಎರಡನೆಯದರಲ್ಲಿ ಪಕ್ಕದ ಗೋಡೆ ಮೇಲೆ ಕೂತ ಕೋತಿ, ಯಾರದೋ ಕೈಯಿಂದ ಕಿತ್ತುಕೊಂಡ ಕಡಲೆಕಾಯಿ ಪೊಟ್ಟಣದ ಸಮೇತ. ಮೂರನೆಯದರಲ್ಲೂ ಅದೇ ಕೋತಿ, ಅದೇ ಜಾಗ. ಪೊಟ್ಟಣ ಮಾತ್ರ ಕೈ ಬಿಟ್ಟಿದೆ, ಕಡಲೆಕಾಯಿಗಳು ಗಾಳಿಯಲ್ಲಿವೆ, ಇನ್ನೂ ನೆಲ ಮುಟ್ಟಿಲ್ಲ. ಆಸ್ಟಿನ್ ಚೌಕದಲ್ಲೇ ಇಲ್ಲ. ಕೆಳಗೆ ಅರ್ಧ ಪುಟದ ದೊಡ್ಡ ಚಿತ್ರ: ಬೆಟ್ಟದ ತುದಿ, ಅಲ್ಲಿ ಒಂದು ಪುಟ್ಟ ಆಕೃತಿ. ಆ ಓಟವನ್ನು ಯಾರೂ ಬಿಡಿಸಲೇ ಇಲ್ಲ, ಆದರೂ ನೀವು ನೋಡಿದಿರಿ ಅಲ್ವಾ? ಟಿವಿಗೆ ಕಾಲು ಕಾಣಿಸಲೇಬೇಕಿತ್ತು. ಹಾಳೆಗೆ ಬೀಳುತ್ತಿರುವ ಕಡಲೆಕಾಯಿ ಸಾಕು.

ಟಿವಿಯಿಂದ ಬಂದ ಕಾಮಿಕ್ಸ್ ಚೆನ್ನಾಗಿದೆಯೋ ಇಲ್ಲವೋ ಅಂತ ನಾನು ನೋಡುವುದು ಇದರಿಂದಲೇ. ಟಿವಿಯ ದೃಶ್ಯವನ್ನು ಹಾಳೆ ಮೇಲೆ ಸುಮ್ನೆ ಅಂಟಿಸಿದ್ದರೆ ಅದು ಫೋಟೊ ಆಲ್ಬಮ್ ಆಗುತ್ತದೆ. ಮುಖದ ವಿಷಯದಲ್ಲಿ ಈ ಕಷ್ಟ ಇನ್ನೂ ಜಾಸ್ತಿ. ನಟನ ಮುಖ ಬಳಸುವುದಕ್ಕೆ ಬೇರೆಯೇ ಒಪ್ಪಿಗೆ ಬೇಕಾಗುತ್ತದೆ. ಅದು ಸಿಕ್ಕಿದ ಮೇಲೆ ಕಲಾವಿದ ಫೋಟೊ ಎದುರಿಗಿಟ್ಟುಕೊಂಡು, ಟಿವಿಯಲ್ಲಿ ಆಸ್ಟಿನ್ ಆಗಿದ್ದ ಲೀ ಮೇಜರ್ಸ್‌ನ ಹುಬ್ಬು, ತುಟಿ ಎಲ್ಲಾ ತಪ್ಪದೆ ಬಿಡಿಸುತ್ತಾನೆ. ಆದರೆ ಮುಖ ಎಷ್ಟು ಫೋಟೊ ತರ ಆಗುತ್ತದೋ, ಮೈ ಅಷ್ಟು ಬಿಗಿದುಕೊಳ್ಳುತ್ತದೆ. ಹೊಡೆದಾಟದ ನಡುವೆಯೂ ಸ್ಟುಡಿಯೊದಲ್ಲಿ ಕೂತವನ ಮುಖ! ನಾವೆಲ್ಲ ಬಸ್‌ಸ್ಟ್ಯಾಂಡಿನ ಪೇಪರ್ ಅಂಗಡಿಯಲ್ಲಿ ಬಾಲಮಂಗಳ ಕೊಂಡು ಡಿಂಗನ ಕಥೆ ಓದಿದವರು. ಆ ಗೆರೆಗಳಲ್ಲಿ ಎಷ್ಟು ಓಟ ಇತ್ತು! ಹೋಲಿಕೆ ಚೂರು ತಪ್ಪಿದರೂ ಪರವಾಗಿಲ್ಲ, ಮೈಯಲ್ಲಿ ಜೀವ ಇರಬೇಕು.

ಸರಣಿ ಟಿವಿಯಲ್ಲಿ ಓಡುತ್ತಿದ್ದ ಕಾಲದಲ್ಲೇ ಬಂದ ಕಾಮಿಕ್ಸೂ ಇದೆ. 1976ರಲ್ಲಿ ಚಾರ್ಲ್‌ಟನ್ ಪ್ರಕಾಶನ ಎರಡು ಬಗೆಯಲ್ಲಿ ಹೊರತಂದಿತು. ಮಕ್ಕಳಿಗೆ ಬಣ್ಣದ್ದು, 9 ಸಂಚಿಕೆ. ಸ್ವಲ್ಪ ದೊಡ್ಡವರಿಗೆ ಕಪ್ಪು ಬಿಳುಪಿನ ದೊಡ್ಡ ಗಾತ್ರದ ಪತ್ರಿಕೆ, 7 ಸಂಚಿಕೆ. ಚಾರ್ಲ್‌ಟನ್‌ನವರು ಕನೆಕ್ಟಿಕಟ್ ರಾಜ್ಯದ ಡರ್ಬಿ ಊರಿನಲ್ಲಿ ಸಂಪಾದನೆ, ಅಚ್ಚು, ಹಂಚಿಕೆ ಎಲ್ಲವನ್ನೂ ಒಂದೇ ಕಡೆ ಇಟ್ಟುಕೊಂಡಿದ್ದರು. ಕಲಾವಿದರಿಗೆ ಕೊಡುತ್ತಿದ್ದ ದುಡ್ಡು ಕಮ್ಮಿ, ಮುದ್ರಣವೂ ಅಷ್ಟಕ್ಕಷ್ಟೆ. ಹಾಗಿದ್ದೂ ಬಣ್ಣದ ಸಂಚಿಕೆಗಳಲ್ಲಿ ಜೋ ಸ್ಟೇಟನ್ ಗೆರೆ ಇದೆ, ಕಪ್ಪು ಬಿಳುಪಿನದರಲ್ಲಿ ನೀಲ್ ಆಡಮ್ಸ್ ಸ್ಟುಡಿಯೊದವರ ಕೈ ಇದೆ. ಆ ಕಪ್ಪು ಬಿಳುಪಿನ ಪುಟಗಳೇ ನನಗೆ ಜಾಸ್ತಿ ಇಷ್ಟ. ನೆರಳು ಬೆಳಕು ಚೆನ್ನಾಗಿ ಕೂತಿದೆ.

ಆದರೆ ಆ ಕಾಲದ ಟಿವಿ ಕಾಮಿಕ್ಸ್‌ಗೆಲ್ಲ ಒಂದು ಕಟ್ಟು ಇತ್ತು. ಸರಣಿ ಇನ್ನೂ ಓಡುತ್ತಿದೆ, ಆದ್ದರಿಂದ ಕಾಮಿಕ್ಸ್ ಬರೆಯುವವರು ಏನನ್ನೂ ಮುರಿಯುವ ಹಾಗಿಲ್ಲ. ಯಾರನ್ನೂ ಸಾಯಿಸುವಂತಿಲ್ಲ, ಮದುವೆ ಮಾಡಿಸುವಂತಿಲ್ಲ. ಕೊನೆ ಪುಟದಲ್ಲಿ ಎಲ್ಲರೂ ಮೊದಲ ಪುಟದ ಜಾಗಕ್ಕೇ ವಾಪಸ್ ಬಂದು ನಿಲ್ಲಬೇಕು.

‘ಸೀಸನ್ ಸಿಕ್ಸ್’ಗೆ ಆ ಕಟ್ಟು ಇಲ್ಲ, ಖರ್ಚಿನ ಚಿಂತೆಯೂ ಇಲ್ಲ. ಕಾಗದದ ಮೇಲೆ ಕುರ್ಚಿ ಬಿಡಿಸಲು ಎಷ್ಟು ಶಾಯಿ ಬೇಕೋ ರಾಕೆಟ್ಟಿಗೂ ಹೆಚ್ಚು ಕಮ್ಮಿ ಅಷ್ಟೇ. ಅದರಲ್ಲಿ ನನಗೆ ಬಹಳ ಖುಷಿ ಕೊಟ್ಟಿದ್ದು ಮಾಸ್ಕಟ್ರಾನ್. ಎಪ್ಪತ್ತರ ದಶಕದಲ್ಲಿ ಕೆನ್ನರ್ ಕಂಪನಿ ಆಸ್ಟಿನ್‌ನ ಗೊಂಬೆ ಮಾಡಿತ್ತು. ಅದರ ತಲೆಯ ಹಿಂದಿನ ತೂತಿಗೆ ಕಣ್ಣಿಟ್ಟರೆ ಅವನ ಬಯೋನಿಕ್ ಕಣ್ಣಿನ ಮೂಲಕ ನೋಡಬಹುದಿತ್ತು. ಅವನಿಗೊಬ್ಬ ಶತ್ರು ಬೇಕಲ್ಲ, ಅದಕ್ಕೆ ಮುಖವಾಡ ಬದಲಾಯಿಸುವ ಮಾಸ್ಕಟ್ರಾನ್ ಅನ್ನೋ ರೋಬಾಟ್ ಗೊಂಬೆ. ಮುಖವಾಡ ಕಳಚಿದರೆ ಒಳಗೆ ಬರೀ ಯಂತ್ರ. ಆ ಹೆಸರಿನ ಶತ್ರು ಟಿವಿಯಲ್ಲಿ ಬರಲಿಲ್ಲ, ಮಕ್ಕಳ ಆಟದಲ್ಲೇ ಉಳಿದ. ಈ ಕಾಮಿಕ್ಸ್ ಅವನನ್ನು ಕಥೆಯೊಳಕ್ಕೆ ಕರೆತಂದಿದೆ. ಗೊಂಬೆ ಹಿಡಿದು ಮನೆಯಲ್ಲಿ ಮಕ್ಕಳು ಕಟ್ಟಿದ್ದ ಕಥೆಗೂ ಜಾಗ ಸಿಕ್ಕಿತಲ್ಲ, ಅದು ಪ್ರೀತಿಯಿಂದ ಮಾಡಿದ ಕೆಲಸ.

ಕೊಳ್ಳುವಾಗ ಎರಡು ವಿಷಯ ನೋಡಿಕೊಳ್ಳಿ. ಮುಖಪುಟದ ಮೇಲೆ ‘ಸೀಸನ್ ಸಿಕ್ಸ್’ ಅಂತ ಪೂರ್ತಿ ಹೆಸರು ಇರಲಿ, ಬಿಡಿ ಸಂಚಿಕೆಗಿಂತ ಎಲ್ಲಾ ಸೇರಿಸಿದ ಸಂಪುಟವೇ ವಾಸಿ. ಡಿಜಿಟಲ್ ತಗೊಂಡರೆ ಟ್ಯಾಬ್‌ನಲ್ಲಿ ಓದಿ, ಪುಟ ಪೂರ್ತಿ ಕಾಣುವ ಹಾಗೆ ಇಟ್ಟುಕೊಳ್ಳಿ. ಫೋನಿನಲ್ಲಿ ಒಂದೊಂದೇ ಚೌಕ ದೊಡ್ಡದಾಗಿ ಬರುವ ಸೌಲಭ್ಯ ಇರುತ್ತದೆ. ಅದರಲ್ಲಿ ಓದಿದರೆ ಮೇಲೆ ಹೇಳಿದ ಕೋತಿಯ ಪುಟದಂಥದ್ದು ಪೂರ್ತಿ ಕೆಟ್ಟುಹೋಗುತ್ತದೆ. ಮೂರು ಚಿಕ್ಕ ಚೌಕ, ಕೆಳಗೆ ಒಂದು ದೊಡ್ಡದು ಒಟ್ಟಿಗೆ ಕಂಡರೇನೇ ಆ ವೇಗ. ಚಾರ್ಲ್‌ಟನ್‌ನ ಹಳೇ ಸಂಚಿಕೆಗಳನ್ನು ಸಂಗ್ರಹ ಮಾಡುವವರು ಹುಡುಕುತ್ತಿರುತ್ತಾರೆ, ಶುರುವಿನಲ್ಲೇ ಅದರ ಹಿಂದೆ ಬೀಳಬೇಡಿ.

ಮಗಳಿಗೆ ‘ಸೀಸನ್ ಸಿಕ್ಸ್’ ಧಾರಾಳವಾಗಿ ಕೊಡಿ. ಇಂಗ್ಲಿಷ್ ಸುಲಭವಾಗಿದೆ, ಟಿವಿ ನೋಡಿರುವುದರಿಂದ ಪಾತ್ರಗಳೂ ಗೊತ್ತು. ‘ಬಯೋನಿಕ್ ಮ್ಯಾನ್’ನಲ್ಲಿ ಏಟು, ರಕ್ತ ಜಾಸ್ತಿ. ಅದನ್ನು ಮೊದಲು ನೀವು ಓದಿ, ಅವಳಿಗೆ ಎರಡು ಮೂರು ವರ್ಷ ಬಿಟ್ಟು ಕೊಡಿ. ಜೇಮಿ ಸಾಮರ್ಸ್ ಇಷ್ಟ ಅಂದಿದ್ದೀರಲ್ಲ, 2012ರಲ್ಲಿ ಪಾಲ್ ಟೋಬಿನ್ ಬರೆದ ‘ದಿ ಬಯೋನಿಕ್ ವುಮನ್’ ಇದೆ. ಅದೂ ಹೊಸದಾಗಿ ಶುರು ಮಾಡಿದ ಕಥೆಯೇ, ಟಿವಿಯ ಜೇಮಿ ಅಲ್ಲ ಅಂತ ಅವಳಿಗೆ ಮೊದಲೇ ಹೇಳಿಬಿಡಿ. ಟಿವಿಯ ಜೇಮಿಯೇ ಬೇಕು ಅಂದರೆ 1987ರ ಟೆಲಿಫಿಲಂ ಹುಡುಕಿ. ಅದರಲ್ಲಿ ಆಸ್ಟಿನ್ ಮತ್ತು ಜೇಮಿ ಮತ್ತೆ ಸೇರುತ್ತಾರೆ, ಆಸ್ಟಿನ್‌ಗೆ ಬೆಳೆದ ಮಗನೂ ಇದ್ದಾನೆ. ‘ಸೀಸನ್ ಸಿಕ್ಸ್’ ಓದಿ ಮುಗಿಸಿದ ಮೇಲೆ ಅದನ್ನು ನೋಡಿದರೆ ವರ್ಷಗಳ ಲೆಕ್ಕ ಸರಿಯಾಗಿ ಕೂರುತ್ತದೆ.