ಹಳೆಯ ನಕ್ಷೆಯ ಕಪ್ಪು ಚೌಕಗಳು ರೈತರ ಊರಿನ ಬಗ್ಗೆ ಏನು ಹೇಳುತ್ತವೆ?

ಪ್ರಶ್ನೆ: ಅಮೆರಿಕದ ಹಳೆಯ ಟೋಪೋ ನಕ್ಷೆಗಳಲ್ಲಿ (ನೆಲದ ಏರಿಳಿತ, ರಸ್ತೆ, ಕಟ್ಟಡಗಳನ್ನು ತೋರಿಸುವ ನಕ್ಷೆಗಳು) ರಸ್ತೆಯುದ್ದಕ್ಕೂ ಪುಟ್ಟ ಕಪ್ಪು ಚೌಕಗಳಿರುತ್ತವೆ. ಅವನ್ನು ನೋಡಿ ಅಲ್ಲಿನ ರೈತ ಸಮುದಾಯ ಹೇಗಿತ್ತೆಂದು ತಿಳಿಯಬಹುದೇ?

ಉತ್ತರ: ಬಹುಮಟ್ಟಿಗೆ ತಿಳಿಯಬಹುದು. ಒಂದೊಂದು ಚೌಕವೂ ಒಂದು ಕಟ್ಟಡ, ಹಳ್ಳಿಗಾಡಿನಲ್ಲಿ ಹೆಚ್ಚಾಗಿ ಮನೆ. ಆದರೆ ಚೌಕ ಎಣಿಸುವ ಮುನ್ನ ನಕ್ಷೆಯ ಅಂಚನ್ನು ಓದಿ. ಸರ್ವೆ, ಆವೃತ್ತಿ, ಮರುಮುದ್ರಣ ಮೂರಕ್ಕೂ ಬೇರೆ ಬೇರೆ ವರ್ಷಗಳಿರಬಹುದು. 1932ರಲ್ಲಿ ಮರುಮುದ್ರಣವಾದ ಹಾಳೆಯಲ್ಲಿ 1898ರ ಊರೇ ಇರಬಹುದು. ನೆಚ್ಚಬೇಕಾದದ್ದು ಸರ್ವೆಯ ವರ್ಷವನ್ನು.

ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಯುಎಸ್‌ಜಿಎಸ್‌ನ 1:62,500 ಅಳತೆಯ (ನೆಲದ 62,500 ಸೆಂ.ಮೀ.ಗೆ ನಕ್ಷೆಯಲ್ಲಿ 1 ಸೆಂ.ಮೀ.) ಹಾಳೆಯಲ್ಲಿ ಒಂದು ಮೈಲಿ ಎಂದರೆ ಸುಮಾರು 2.6 ಸೆಂ.ಮೀ. ಮಧ್ಯಪಶ್ಚಿಮದಲ್ಲಿ ಭೂಮಿಯನ್ನು ಒಂದು ಮೈಲಿ ಉದ್ದಗಲದ ಸೆಕ್ಷನ್‌ಗಳಾಗಿ, ಅಂದರೆ 640 ಎಕರೆಯ ಚೌಕಗಳಾಗಿ ಅಳೆದಿದ್ದರು. ಬಹಳಷ್ಟು ರಸ್ತೆಗಳೂ ಅದೇ ಗೆರೆ ಹಿಡಿದು ಸಾಗಿವೆ. ನೆಲೆಸಿ ಸಾಗುವಳಿ ಮಾಡುವವರಿಗೆ ಸರ್ಕಾರಿ ಭೂಮಿ ಕೊಡುತ್ತಿದ್ದ 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ ಸಿಗುತ್ತಿದ್ದದ್ದು 160 ಎಕರೆವರೆಗೆ, ಸೆಕ್ಷನ್ನಿನ ಕಾಲುಭಾಗ. ಒಂದು ಸೆಕ್ಷನ್ನಿನಲ್ಲಿ ನಾಲ್ಕು ಮನೆ ಕಂಡರೆ ಅಷ್ಟೇ ದೊಡ್ಡ ಹಿಡುವಳಿಗಳಿದ್ದವೆಂದು ಊಹಿಸಬಹುದು. ಮುಂದಿನ ಸರ್ವೆಯಲ್ಲಿ ಒಂದೇ ಉಳಿದಿದ್ದರೆ ಹೊಲಗಳು ಒಬ್ಬರ ಕೈಗೆ ಸೇರಿರಬಹುದು. ಖಚಿತಪಡಿಸಿಕೊಳ್ಳಲು ಭೂದಾಖಲೆಯನ್ನೇ ನೋಡಬೇಕು, ಏಕೆಂದರೆ ಈ ನಕ್ಷೆಯಲ್ಲಿ ಒಡೆಯರ ಹೆಸರಿರುವುದಿಲ್ಲ.

ಮನೆಗಳಿಗಿಂತ ಹೆಚ್ಚು ವಿಷಯ ಸಿಗುವುದು ಶಾಲೆ, ಚರ್ಚುಗಳಿಂದ. ಚೌಕದ ಮೇಲೆ ಬಾವುಟವಿದ್ದರೆ ಶಾಲೆ, ಶಿಲುಬೆಯಿದ್ದರೆ ಚರ್ಚು. ಮಕ್ಕಳು ನಡೆದೇ ಬರುತ್ತಿದ್ದ ಕಾಲದ ಒಂದೇ ಕೋಣೆಯ ಶಾಲೆಗಳವು. ಬಾವುಟಗಳ ನಡುವಿನ ದೂರ ಅಳೆದು ಅರ್ಧ ಮಾಡಿದರೆ, ಯಾವ ಮನೆಗಳ ಮಕ್ಕಳು ಒಟ್ಟಿಗೆ ಓದಿರಬಹುದೆಂಬ ಅಂದಾಜು ಸಿಗುತ್ತದೆ. ಹಳ್ಳಿಗಾಡಿನ ಒಡನಾಟವನ್ನು ಇಷ್ಟು ಚೆನ್ನಾಗಿ ತೋರಿಸುವ ಗುರುತು ನಕ್ಷೆಯಲ್ಲಿ ಬೇರೊಂದಿಲ್ಲ. ನಂತರದ ಹಾಳೆಯಲ್ಲಿ ಬಾವುಟ ಹೋಗಿ ಬರಿ ಚೌಕ ಉಳಿದಿದ್ದರೆ, ಶಾಲೆ ಮುಚ್ಚಿದರೂ ಕಟ್ಟಡ ನಿಂತಿದೆಯೆಂದು ಅರ್ಥವಿರಬಹುದು. ಹೊಲಗಳ ನಡುವೆ ಸ್ಮಶಾನವೊಂದೇ ಕಂಡರೆ, ಹಿಂದಿನ ಹಾಳೆಯಲ್ಲಿ ಪಕ್ಕದಲ್ಲೇ ಚರ್ಚು ಇತ್ತೇ ಎಂದು ಹುಡುಕಿ.

ಹಲವರು ಎಡವುವುದು ಕೊಟ್ಟಿಗೆಗಳ ವಿಷಯದಲ್ಲಿ. 1:62,500ರಲ್ಲಿ ಅವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಿದ್ದರು. ಇನ್ನಷ್ಟು ವಿವರವಿರುವ 1:24,000 ಹಾಳೆಗಳಲ್ಲಿ ಟೊಳ್ಳು ಚೌಕಗಳಾಗಿ ತೋರಿಸಿದರು. ಇವೆರಡನ್ನು ಹೋಲಿಸಿದರೆ ಊರು ದಿಢೀರನೆ ಬೆಳೆದಂತೆ ಕಾಣುತ್ತದೆ. ಹೋಲಿಸುವುದಾದರೆ ಒಳಗೆ ಬಣ್ಣ ತುಂಬಿದ ಗಟ್ಟಿ ಚೌಕಗಳನ್ನಷ್ಟೇ ಎಣಿಸಿ. ನೇರಳೆ ಬಣ್ಣದಲ್ಲಿರುವವು ವೈಮಾನಿಕ ಚಿತ್ರ ನೋಡಿ ಆಮೇಲೆ ಸೇರಿಸಿದವು.

ಯುಎಸ್‌ಜಿಎಸ್‌ನ ಟೋಪೋವ್ಯೂ ಜಾಲತಾಣದಿಂದ ಜಿಯೋಟಿಫ್ ಕಡತವನ್ನು (ನೆಲದ ಮೇಲಿನ ಸ್ಥಾನದ ಮಾಹಿತಿಯೂ ಇರುವ ಚಿತ್ರ) ಉಚಿತವಾಗಿ ಇಳಿಸಿಕೊಂಡು, ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಇಂದಿನ ಉಪಗ್ರಹ ಚಿತ್ರದ ಮೇಲೆ ಹಾಸಿ ನೋಡಬಹುದು. 1:62,500ರಲ್ಲಿ ಅರ್ಧ ಮಿ.ಮೀ. ತಪ್ಪಿದರೂ ನೆಲದ ಮೇಲೆ 31 ಮೀಟರ್ ತಪ್ಪುತ್ತದೆ. ಹಳೆಯ ಮನೆಯ ತಳಪಾಯವನ್ನು ಚೌಕವಿರುವಲ್ಲೇ ಹುಡುಕದೆ ಸುತ್ತಲಿನ ನೂರು ಮೀಟರ್‌ವರೆಗೂ ಕಣ್ಣಾಡಿಸಿ.