ಮರುಕಳಿಸಿದ ರಕ್ತದ ಕ್ಯಾನ್ಸರಿಗೆ ಎರಡು ಔಷಧ ಸೇರಿಸಿ ಕೊಡುವುದು ಯಾಕೆ?

ಪ್ರಶ್ನೆ: ನಮ್ಮೂರು ಮದ್ದೂರಿನ ಹತ್ತಿರ. ಅಣ್ಣನಿಗೆ 46 ವರ್ಷ. ಹೋದ ವರ್ಷ ಎ.ಎಂ.ಎಲ್. ಎಂಬ ರಕ್ತದ ಕ್ಯಾನ್ಸರ್ ಅಂತ ಗೊತ್ತಾಗಿ ಮೈಸೂರಿನಲ್ಲಿ ಕೀಮೋ ಮಾಡಿಸಿದೆವು. ಹುಷಾರಾಗಿದ್ದರು. ಈಗ ಮತ್ತೆ ಬಂದಿದೆ. ಈ ಸಲ ಎರಡು ಔಷಧ ಸೇರಿಸಿ ಕೊಡ್ತೀವಿ ಅಂತಿದ್ದಾರೆ. ಮೊದಲಿನದಕ್ಕೇ ಅಷ್ಟು ಸೊರಗಿದ್ದರು. ಡಬಲ್ ಡೋಸ್ ತಡೆದುಕೊಳ್ತಾರಾ?

ಉತ್ತರ: ಇದು ಡಬಲ್ ಡೋಸ್ ಅಲ್ಲ. ಮೊದಲ ಸಲ ಕೊಟ್ಟದ್ದೂ ಬಹುಶಃ ಜೋಡಿ ಔಷಧವೇ. 7 ದಿನ ಸೈಟರಬಿನ್, ಅದರಲ್ಲಿ 3 ದಿನ ಜೊತೆಗೆ ಡೌನೋರುಬಿಸಿನ್. ವಾರ್ಡಿನಲ್ಲಿ ಇದನ್ನು ‘ಸೆವೆನ್ ಪ್ಲಸ್ ತ್ರೀ’ ಅಂತಾರೆ. 1970ರ ದಶಕದಿಂದ ನಡೆದು ಬಂದ ಚಿಕಿತ್ಸೆ ಅದು. ಬೋನ್ ಮ್ಯಾರೋದಲ್ಲಿ (ಮೂಳೆಯೊಳಗಿನ ಮಜ್ಜೆ) ಬ್ಲಾಸ್ಟ್ ಕಣಗಳು, ಅಂದರೆ ಬಲಿಯದ ರಕ್ತಕಣಗಳು, ಶೇ. 5ಕ್ಕಿಂತ ಕೆಳಗೆ ಬಂದು, ರಕ್ತಕಣಗಳ ಲೆಕ್ಕ (ಕೌಂಟ್) ಸರಿಯಾದರೆ ಕಾಯಿಲೆ ಹತೋಟಿಗೆ ಬಂತು ಅನ್ನುತ್ತಾರೆ. ಆದರೆ ಗದ್ದೆಗೆ ಕಳೆನಾಶಕ ಹೊಡೆದಾಗ ಉಳಿದುಕೊಂಡ ನಾಲ್ಕು ಕಳೆಯೇ ಮುಂದಿನ ಬೆಳೆಗೆ ಗದ್ದೆ ತುಂಬುತ್ತದಲ್ಲ, ಇಲ್ಲಿ ಆಗಿರುವುದೂ ಅದೇ. ಹಾಗೆ ಉಳಿದ ಕ್ಯಾನ್ಸರ್ ಕಣಗಳಿಗೆ ಹಳೆಯ ಔಷಧ ಅಷ್ಟಾಗಿ ತಾಗುವುದಿಲ್ಲ. ಅದಕ್ಕೇ ಬೇರೆ ಜೋಡಿ ಹುಡುಕುತ್ತಾರೆ.

ಈಗ ಜಾಸ್ತಿ ಕೇಳಿಬರುವ ಜೋಡಿ ವೆನೆಟೊಕ್ಲಾಕ್ಸ್ ಮಾತ್ರೆ ಮತ್ತು ಅಜಾಸಿಟಿಡಿನ್ ಇಂಜೆಕ್ಷನ್. ನಮ್ಮ ದೇಹದ ಕಣಗಳು ಹಾಳಾದಾಗ ತಾವೇ ಸಾಯಬೇಕು. ಈ ಕ್ಯಾನ್ಸರ್ ಕಣಗಳು ಬಿಸಿಎಲ್-2 ಎಂಬ ಪ್ರೋಟೀನ್ ಹಿಡಿದುಕೊಂಡು ಸಾಯದೆ ಉಳಿಯುತ್ತವೆ. ವೆನೆಟೊಕ್ಲಾಕ್ಸ್ ಆ ಪ್ರೋಟೀನನ್ನು ಕಟ್ಟಿಹಾಕುತ್ತದೆ. ಆಗ ಕಣ ಸುಮ್ನೆ ಕೂರುವುದಿಲ್ಲ, ಎಂಸಿಎಲ್-1 ಎಂಬ ಇನ್ನೊಂದು ಪ್ರೋಟೀನಿನ ಮೊರೆ ಹೋಗುತ್ತದೆ. ಅಜಾಸಿಟಿಡಿನ್ ಅದನ್ನು ತಗ್ಗಿಸುತ್ತದೆ. ಒಂದು ಔಷಧ ಸಾಲದೆ ಎರಡು ಬೇಕಾಗುವುದು ಇದಕ್ಕೆ.

ಆದರೆ ಒಂದು ವಿಷಯ ಮುಚ್ಚಿಡಬಾರದು. ಈ ಜೋಡಿಗೆ ಹೆಸರು ಬಂದದ್ದು ಹೊಸದಾಗಿ ಕಾಯಿಲೆ ಬಂದ, ಜೋರು ಕೀಮೋ ತಡೆಯಲಾಗದ ವಯಸ್ಸಾದವರ ಅಧ್ಯಯನದಿಂದ. 2020ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಬರೀ ಅಜಾಸಿಟಿಡಿನ್ ಪಡೆದವರ ಬದುಕು ಮಧ್ಯಮ ಲೆಕ್ಕದಲ್ಲಿ (ಅಂದರೆ ಅರ್ಧದಷ್ಟು ಜನ ಇದಕ್ಕಿಂತ ಹೆಚ್ಚು ಬದುಕಿದರು) 9.6 ತಿಂಗಳು. ಎರಡೂ ಪಡೆದವರದು 14.7 ತಿಂಗಳು. ಮರುಕಳಿಸಿದವರಿಗೂ ಡಾಕ್ಟರುಗಳು ಇದನ್ನು ಕೊಡುತ್ತಾರೆ, ಕೆಲವರಿಗೆ ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಆ ಅಂಕಿಯನ್ನು ಹಾಗೇ ಎತ್ತಿ ಅಣ್ಣನಿಗೆ ಹಚ್ಚಿ ನೋಡಬೇಡಿ. ಎರಡನೇ ಸಲ ಬಂದ ಕಾಯಿಲೆ ಹೆಚ್ಚು ಹಟಮಾರಿ.

ಜೋಡಿ ಆರಿಸುವ ಮುಂಚೆ ಜೀನ್ ಪರೀಕ್ಷೆ ಹೊಸದಾಗಿ ಮಾಡಿಸಿದ್ದಾರಾ ಕೇಳಿ. ಹೋದ ವರ್ಷದ ರಿಪೋರ್ಟ್ ಸಾಲದು. ಮರುಕಳಿಸಿದಾಗ ಹಳೆಯ ಬದಲಾವಣೆ ಮಾಯವಾಗಿರಬಹುದು, ಹೊಸದು ಸೇರಿರಬಹುದು. ಎ.ಎಂ.ಎಲ್. ಬಂದ ಹತ್ತರಲ್ಲಿ ಸುಮಾರು ಮೂವರಿಗೆ ಎಫ್‌ಎಲ್‌ಟಿ-3 ಜೀನಿನಲ್ಲಿ ಬದಲಾವಣೆ ಇರುತ್ತದೆ. ಅದಿದ್ದರೆ ಗಿಲ್ಟೆರಿಟಿನಿಬ್ ಎಂಬ ಮಾತ್ರೆಯ ದಾರಿ ತೆರೆಯುತ್ತದೆ. ಅದನ್ನು ವೆನೆಟೊಕ್ಲಾಕ್ಸ್ ಜೊತೆ ಸೇರಿಸಿ ನೋಡಿದ ಅಧ್ಯಯನದಲ್ಲಿ ಹೆಚ್ಚಿನವರ ಬ್ಲಾಸ್ಟ್ ಇಳಿಯಿತು, ಜೊತೆಗೆ ಕೌಂಟ್ ಕೂಡ ಕುಸಿಯಿತು.

ಹೃದಯ, ಕಿಡ್ನಿ ಗಟ್ಟಿಯಿದ್ದು 46ರ ವಯಸ್ಸಿನಲ್ಲಿದ್ದರೆ ‘ಫ್ಲ್ಯಾಗ್-ಇಡಾ’ ಎಂಬ ಜೋರು ಕೀಮೋ ಹೇಳಲೂಬಹುದು. ಅದರಲ್ಲಿ ಫ್ಲೂಡರಬಿನ್ ಡ್ರಿಪ್ ಮುಗಿದ ಮೇಲೆ ಸುಮಾರು 4 ಗಂಟೆ ಬಿಟ್ಟು ಸೈಟರಬಿನ್ ಹಾಕುತ್ತಾರೆ. ಪಕ್ಕದಲ್ಲಿ ಕೂತ ಮನೆಯವರಿಗೆ ನರ್ಸ್ ಮರೆತರೇನೋ ಅನ್ನಿಸುತ್ತದೆ. ಮರೆತಿಲ್ಲ. ಮೊದಲನೆಯದು ಕಣವನ್ನು ಹದಗೊಳಿಸಿದರೆ ಎರಡನೆಯದು ಒಳಗೆ ಹೆಚ್ಚು ನಿಲ್ಲುತ್ತದೆ. ಫ್ಲೂಡರಬಿನ್ ಪಡೆದವರಿಗೆ ಮುಂದೆ ರಕ್ತ ಕೊಡುವಾಗ ವಿಕಿರಣ ಹಾಯಿಸಿದ ರಕ್ತವೇ ಬೇಕು. ಬ್ಲಡ್ ಬ್ಯಾಂಕಿಗೆ ನೀವೂ ಒಂದು ಮಾತು ನೆನಪಿಸಿ.

ವೆನೆಟೊಕ್ಲಾಕ್ಸ್ ಮಾತ್ರೆಯ ದಾರಿ ಆದರೆ ಒಂದು ಎಚ್ಚರ. ಫಂಗಸ್ ಸೋಂಕು ಬಾರದಿರಲಿ ಅಂತ ಪೋಸಕೊನಜೋಲ್ ಮಾತ್ರೆಯನ್ನೂ ಬರೆಯುವುದುಂಟು. ಇದು ಸೇರಿದರೆ ರಕ್ತದಲ್ಲಿ ವೆನೆಟೊಕ್ಲಾಕ್ಸ್ ಪ್ರಮಾಣ ಏರಿಬಿಡುತ್ತದೆ. ಹಾಗಾಗಿ ದಿನಕ್ಕೆ 400 ಮಿಲಿಗ್ರಾಂ ಇರಬೇಕಾದದ್ದನ್ನು 100ಕ್ಕೋ ಅದಕ್ಕೂ ಕೆಳಗೋ ಇಳಿಸುತ್ತಾರೆ. ‘ಕಮ್ಮಿ ಕೊಡ್ತಿದ್ದಾರೆ’ ಅಂತ ನೀವೇ ಒಂದು ಮಾತ್ರೆ ಜಾಸ್ತಿ ಕೊಡಬೇಡಿ. ಪೋಸಕೊನಜೋಲ್ ಮುಗಿಯಿತು ಅಂತ ಸುಮ್ಮನಿರಲೂ ಬೇಡಿ, ಡಾಕ್ಟರಿಗೆ ಹೇಳಿ. ಗ್ರೇಪ್‌ಫ್ರೂಟ್, ಕಮರಾಕ್ಷಿ ಹಣ್ಣು ಬೇಡ. ಚಕ್ಕೋತ ಅದೇ ಜಾತಿಗೆ ಸೇರಿದ್ದು, ಅದನ್ನೂ ಬಿಡಿ. ನೆಂಟರು ಪ್ರೀತಿಯಿಂದ ತಂದುಕೊಡುವ ನಾಟಿ ಔಷಧಿಯೂ ಈ ಸಮಯದಲ್ಲಿ ಬೇಡ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದು. ಜೋಡಿ ಔಷಧ ಕಾಯಿಲೆಯನ್ನು ಕೆಳಗಿಳಿಸಬಹುದು, ಆದರೆ ಹಾಗೇ ಹಿಡಿದಿಡುವುದು ಕಷ್ಟ. ಇನ್ನೊಬ್ಬರ ಬೋನ್ ಮ್ಯಾರೋ ಕಸಿಯಿಂದಲೇ ದೀರ್ಘಕಾಲದ ಆಸೆ ಇಟ್ಟುಕೊಳ್ಳಲು ಸಾಧ್ಯ. ಆದ್ದರಿಂದ ಔಷಧ ಶುರುವಾದ ವಾರವೇ ‘ಮುಂದೇನು ಸಾರ್?’ ಅಂತ ಕೇಳಿ. ಒಡಹುಟ್ಟಿದವರಲ್ಲಿ ಒಬ್ಬೊಬ್ಬರೂ ಕಸಿಯ ದಾನಿಯಾಗಿ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅರ್ಧ ಹೊಂದಿದರೂ ಈಗ ಕಸಿ ಮಾಡುತ್ತಾರೆ, ಮಕ್ಕಳೂ ದಾನಿಗಳಾಗಬಹುದು. ಇನ್ನೊಂದು ಮಾತು. ಪ್ಲೇಟ್‌ಲೆಟ್ ಬೇಕು ಅಂದ ಕೂಡಲೇ ತಮ್ಮ, ತಂಗಿ, ಮಗ ಎಲ್ಲ ತೋಳು ಚಾಚಿ ನಿಲ್ಲುತ್ತಾರೆ. ಕಸಿಯ ಯೋಚನೆ ಇದ್ದರೆ ರಕ್ತಸಂಬಂಧಿಗಳ ರಕ್ತ ಅಣ್ಣನಿಗೆ ಹೋಗಬಾರದು. ದೇಹ ಅದರ ವಿರುದ್ಧ ತಿರುಗಿ, ಮುಂದೆ ಕಸಿ ನಿಲ್ಲದಿರಬಹುದು. ಊರಿನ ಗೆಳೆಯರನ್ನು ಕರೆಯಿರಿ.

ಕೌಂಟ್ ಬಿದ್ದಿರುವಾಗ ಜ್ವರ 100.4 ಡಿಗ್ರಿ ದಾಟಿದರೆ ಪ್ಯಾರಸಿಟಮಾಲ್ ನುಂಗಿಸಿ ಬೆಳಗಾಗಲಿ ಅಂತ ಕಾಯಬೇಡಿ. ಮಂಡ್ಯದಿಂದ ಮೈಸೂರಿಗೇ ಸುಮಾರು 45 ಕಿ.ಮೀ., ನಿಮಗೆ ಇನ್ನೂ ದೂರ. ರಾತ್ರಿ ಜ್ವರ ಬಂದರೆ ಮೊದಲು ಮಂಡ್ಯದ ಮಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲಿ ಆ್ಯಂಟಿಬಯೋಟಿಕ್ ಹಾಕಿಸಿಕೊಳ್ಳುವುದಾ, ನೇರ ಮೈಸೂರಿಗೆ ಬರುವುದಾ ಅಂತ ನಿಮ್ಮ ಡಾಕ್ಟರ ಹತ್ತಿರ ಇವತ್ತೇ ಮಾತಾಡಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಖರ್ಚಿನ ವಿಷಯಕ್ಕೆ ಬಿಪಿಎಲ್ ಕಾರ್ಡ್ ಹಿಡಿದು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕಾಣಿ. ಯಾವ ಮಾತ್ರೆ ಸರ್ಕಾರದ ಆರೋಗ್ಯ ಯೋಜನೆಯಲ್ಲಿ ಬರುತ್ತೆ, ಯಾವುದು ಬರಲ್ಲ ಅಂತ ಹೆಸರು ಹಿಡಿದು ಕೇಳಿ.

ಮೊದಲ ಸುತ್ತು ಮುಗಿಯುವ ಹೊತ್ತಿಗೆ ಬೋನ್ ಮ್ಯಾರೋ ಮತ್ತೆ ನೋಡುತ್ತಾರೆ. ಬ್ಲಾಸ್ಟ್ ಇಳಿದಿದ್ದರೆ, ಕೌಂಟ್ ಏರುವವರೆಗೆ ವೆನೆಟೊಕ್ಲಾಕ್ಸ್ ಕೆಲವು ದಿನ ನಿಲ್ಲಿಸುವುದುಂಟು. ಆಗ ಡಾಕ್ಟರ್ ಕೈಬಿಟ್ಟರು ಅಂತ ಹೆದರಬೇಡಿ. ಚಿಕಿತ್ಸೆ ನಡೆಯುವುದೇ ಹಾಗೆ.